ಒಂದು ಅಳತೆ ಚಿಕ್ಕದು

ಬಿಗಿಯಾಗಿದೆ, ಹೆಬ್ಬೆರಳೆರಡನ್ನೂ ಸೊಂಟಪಟ್ಟಿಯೊಳಗೆ ತೂರಿಸಿ ಎಳೆದರೆ ಎಲಾಸ್ಟಿಕ್ ಬಂದ ಹಾಗೆ ಮಾಡಿ ಅಲ್ಲೇ ಹಟ ಹಿಡಿದು ನಿಲ್ಲುತ್ತದೆ, ದಿನಕ್ಕೆ ಐನೂರು ಚಡ್ಡಿ ಎಳೆದು ನೋಡುವ ಕೈ ನನ್ನದು, ಫ್ಯಾಕ್ಟರಿಯಲ್ಲಿ ನನ್ನ ಟೇಬಲ್ಲಿಗೆ ಇದು ಬಂದಿದ್ದರೆ ಕೆಂಪು ಸ್ಟಿಕ್ಕರ್ ಅಂಟಿಸಿ ಪಕ್ಕಕ್ಕೆ ಎಸೆದಿರುತ್ತಿದ್ದೆ — ಅಂಗಡಿಯ ಹುಡುಗಿಗೆ ಅದೆಲ್ಲ ಎಲ್ಲಿ ಗೊತ್ತು, ಪಾಠ ಒಪ್ಪಿಸುತ್ತಿದ್ದಾಳೆ, ಇದು ಬಟ್ಟೇದು ಅಕ್ಕ, ಡೈಪರ್ ಥರ ಬಿಸಾಕೋದಲ್ಲ, ಒಗೆದು ಒಗೆದು ಹಾಕ್ಬೋದು, ಪಾಟಿ ಮೇಲೆ ಕೂತು ಸುಸು ಮಾಡೋದು ಕಲಿಯೋ ಮಕ್ಕಳಿಗೆ ಅಂತಾನೇ ಮಾಡಿರೋದು, ಮೂರು ಪದರದ್ದು ತಗೊಳ್ಳಿ, ಒಂದ್ಸಲ ಮಾಡ್ಕೊಂಡ್ರೂ ಸೋರಲ್ಲ. ಸೋರದಿದ್ದರೆ ನನಗೆ ಯಾಕೆ. ಒಂದೇ ಪದರದ್ದು ಕೊಡಿ ಎನ್ನುತ್ತೇನೆ, ಮಗೂಗೆ ಎಷ್ಟು ವರ್ಷ ಅಕ್ಕ, ಎರಡೂವರೆ, ಹಾಗಾದ್ರೆ ಇದಲ್ಲ, ಇದು ಒಂದೂವರೆ ವರ್ಷದವ್ರಿಗೆ, ತಾನೇ ಕೆಳಗಿಳಿಸ್ಕೊಳ್ಳೋ ಹಾಗಿರ್ಬೇಕು, ಅದೇ ಮುಖ್ಯ. ನಮ್ಮವಳು ಸಣಕಲಿ, ಇದೇ ಸರಿಹೋಗುತ್ತೆ. ಸಣಕಲಿ ಕೌಂಟರಿಗೆ ಹೊಟ್ಟೆ ಆನಿಸಿಕೊಂಡು ನಿಂತು ಬೆಲೆಚೀಟಿ ಚೀಪುತ್ತಿದ್ದಾಳೆ, ಆ ದುಂಡು ಹೊಟ್ಟೆಗೇ ಅವಳಿಗೆ ಬಟಾಣಿ ಎಂದು ಹೆಸರು ಬಿದ್ದದ್ದು, ಅಂಗಡಿಯ ಹುಡುಗಿ ಆ ಹೊಟ್ಟೆಯನ್ನೊಮ್ಮೆ ನನ್ನನ್ನೊಮ್ಮೆ ನೋಡಿ ಬಿಲ್ ಪುಸ್ತಕ ಎಳೆದುಕೊಂಡಳು. ಆರು ಕೊಡಿ, ತಿಳಿ ಬಣ್ಣದ್ದೇ ಇರಲಿ, ಒದ್ದೆಯಾದರೆ ಎದ್ದು ಕಾಣಬೇಕು.

ಚಿಕ್ಕಮ್ಮ ಚಪ್ಪಾಳೆ ಹೊಡೀತಾಳೆ, ದಾರಿಯುದ್ದಕ್ಕೂ ಬಟಾಣಿಯದು ಇದೊಂದೇ ರಾಗ, ನಾನು ಸುಸು ಹೋದ್ರೆ ಚಿಕ್ಕಮ್ಮ ಚಪ್ಪಾಳೆ ಹೊಡೀತಾಳೆ, ಹೊಡೆಯದೆ ಏನು, ಅವಳಿಗೆ ಬೇರೆ ಕೆಲಸವೇನಿದೆ, ಶುಕ್ರವಾರ ಸಂಜೆಯಿಂದ ಭಾನುವಾರದವರೆಗೆ ಬಾಡಿಗೆ ಅಮ್ಮ, ಸೋಮವಾರ ಬೆಳಿಗ್ಗೆ ಒದ್ದೆ ಹಾಸಿಗೆ ಬಿಸಿಲಿಗೆ ಹಾಕಿ ಫ್ಯಾಕ್ಟರಿಯ ಗೇಟು ಮುಚ್ಚುವುದರೊಳಗೆ ಓಡುವವಳು ನಾನು. ಆರು ತಿಂಗಳು ಪಾಟಿಯ ಮುಂದೆ ಕುಕ್ಕರುಗಾಲಲ್ಲಿ ಕೂತು ಗೋಗರೆದಿದ್ದೇನೆ, ಹೋಗು ಕಂದ, ಹೋಗು ಚಿನ್ನ, ಹೋಗೇ ಪೀಡೆ, ಹೋಗುವುದಿಲ್ಲ, ಎದ್ದು ಎರಡು ಹೆಜ್ಜೆ ಇಟ್ಟು ನೆಲದ ಮೇಲೆ ಬಿಡುತ್ತಾಳೆ, ನನ್ನ ಮುಖ ನೋಡಿಕೊಂಡೇ ಬಿಡುತ್ತಾಳೆ — ಅಲ್ಲಿ, ಅಪ್ಪನ ಮನೆಯಲ್ಲಿ, ಎರಡೇ ವಾರದಲ್ಲಿ ಕಲಿತಳಂತೆ. ಹೋದ ಭಾನುವಾರ ಬಾಗಿಲಲ್ಲಿ ನಿಂತಿದ್ದ ಅವಳಪ್ಪ, ನನ್ನ ಗಂಡನಾಗಿದ್ದವನು, ಮಗುವಿಗೆ ವರ್ಷ ತುಂಬುವ ಮೊದಲೇ ಇನ್ನೊಬ್ಬಳನ್ನು, ಈ ಚಿಕ್ಕಮ್ಮನನ್ನು, ಹುಡುಕಿಕೊಂಡವನು, ಚೀಲ ನನ್ನ ಕೈಗಿಟ್ಟು, ಎರಡು ದಿನದಲ್ಲಿ ಒಂದ್ಸಲಾನೂ ಒದ್ದೆ ಮಾಡ್ಕೊಂಡಿಲ್ಲ, ಇಲ್ಲಿ ಮಾತ್ರ ಯಾಕೆ ಮಾಡ್ಕೋತಾಳೋ, ಇವಳನ್ನ ನಮ್ಮ ಹತ್ರಾನೇ ಬಿಡೋದು ವಾಸಿ ಅನ್ಸುತ್ತೆ, ವಕೀಲರ ಹತ್ರ ಮಾತಾಡ್ತೀನಿ ಎಂದ. ಚೀಲ ತೆಗೆದರೆ ನಾನು ಕಳಿಸಿದ ಚಡ್ಡಿಗಳು ನಾನು ಮಡಚಿದ ಹಾಗೇ ಇದ್ದವು. ಸಂತೋಷವಾಗಬೇಕಿತ್ತು, ಆಗಲಿಲ್ಲ, ಹೊಟ್ಟೆ ಉರಿಯಿತು, ಅಷ್ಟೇ, ಮುಚ್ಚುಮರೆ ಯಾಕೆ. ಅಲ್ಲಿ ಇವಳು ಸೋಲಬೇಕು, ಅವರ ಹೊಸ ಸೋಫಾದ ಮೇಲೆ, ಒಂದಲ್ಲ ಆರು ಸಲ, ಚಪ್ಪಾಳೆ ಹೊಡೆಯುವ ಕೈಗೆ ನೆಲ ಒರೆಸುವ ಬಟ್ಟೆ ಬರಲಿ, ಆಮೇಲೆ ವಕೀಲರ ಹತ್ತಿರ ಏನು ಮಾತಾಡುತ್ತಾನೋ ಮಾತಾಡಲಿ.

ಮನೆಗೆ ಬಂದಾಗ ನಾಲ್ಕೂವರೆ, ಇವಳನ್ನು ಕರೆದೊಯ್ಯಲು ಅವನು ಬರುವುದು ಐದಕ್ಕೆ, ಅರ್ಧ ದಿನ ರಜೆ ಹಾಕಿದ್ದು ಸಾರ್ಥಕವಾಗಬೇಕಾದರೆ ಒಮ್ಮೆ ಪರೀಕ್ಷೆ ಮಾಡಿಯೇ ಕಳಿಸಬೇಕು, ಹೊಸ ಚಡ್ಡಿ ಹಾಕಿ ದೊಡ್ಡ ಲೋಟದ ತುಂಬ ನೀರು ಕುಡಿಸಿದೆ, ಬಿಗಿ ಅಮ್ಮ, ಬಿಗಿ ಇಲ್ಲ, ಬಿಗಿ, ಸುಮ್ಮನಿರು. ಅವಳ ಅಂಗಿಗಳನ್ನು ಮಡಚುತ್ತ ಕೂತಿದ್ದೇನೆ, ಸುಸು ಎಂದು ತಾನೇ ಹೇಳಿದಳು, ತಾನೇ ಓಡಿದಳು, ಪಾಟಿಗೆ ಬೆನ್ನು ಹಾಕಿ ಸರಿಯಾಗಿ ನಿಂತಳು, ಎಲ್ಲ ಕಲಿತಿದ್ದಾಳೆ ಕಳ್ಳಿ, ಯಾರು ಕಲಿಸಿದ್ದೆಂದು ಗೊತ್ತು, ಎರಡು ಕೈಯಲ್ಲೂ ಚಡ್ಡಿ ಜಗ್ಗುತ್ತಾಳೆ, ಇಳಿಯುವುದಿಲ್ಲ, ಹೊಟ್ಟೆಯ ಕೆಳಗೆ ಕೆಂಪು ಗೆರೆ, ತುಟಿ ಕಚ್ಚಿಕೊಂಡು ಕುಣಿಯುತ್ತಾಳೆ, ಜಗ್ಗುತ್ತಾಳೆ, ನನ್ನನ್ನು ಕರೆಯುವುದೇ ಇಲ್ಲ, ಕರೆದಿದ್ದರೆ ಎದ್ದು ಹೋಗುತ್ತಿದ್ದೆನೇನೋ, ಗೊತ್ತಿಲ್ಲ, ಕರೆಯಲಿಲ್ಲ. ತಿಳಿ ಹಳದಿ ಬಟ್ಟೆ ಕಡು ಹಳದಿಯಾಯಿತು, ಕಾಲಿಗಿಳಿಯಿತು, ಕಾಲುಚೀಲ ತೊಯ್ದಿತು, ಪರೀಕ್ಷೆ ಪಾಸು. ಬಟಾಣಿ ಅಳಲಿಲ್ಲ. ಪಚಪಚ ನಡೆದು ನನ್ನ ಹತ್ತಿರ ಬಂದಳು, ಅಂಗಿಯ ತೋಳನ್ನು ತಾನೇ ಮೇಲಕ್ಕೆ ಸರಿಸಿದಳು, ಬರಿ ತೋಳನ್ನು ನನ್ನ ಮುಂದೆ ಚಾಚಿದಳು, ಕಣ್ಣು ಮುಚ್ಚಿಕೊಂಡಳು. ನಾನು ಚಿವುಟುವ ಜಾಗ ಅದು, ಮೊಣಕೈಗೆ ಸ್ವಲ್ಪ ಮೇಲೆ, ಒಳಬದಿಯ ಮೆತ್ತನೆಯ ಮಾಂಸ, ಆರು ತಿಂಗಳಿಂದ ಒದ್ದೆ ಮಾಡಿದಾಗಲೆಲ್ಲ ಅಲ್ಲೇ. ಇವತ್ತು ಚಿವುಟಲಿಲ್ಲ, ಶುಕ್ರವಾರ ಚಿವುಟುವುದಿಲ್ಲ, ಬುಧವಾರ ರಾತ್ರಿಗೆ ನಿಲ್ಲಿಸಿಬಿಡುತ್ತೇನೆ, ಅವರ ಮನೆಗೆ ಹೋಗುವ ಹೊತ್ತಿಗೆ ಕಲೆ ಉಳಿಯಬಾರದಲ್ಲ, ನಾನೇನು ದಡ್ಡಿಯೇ. ತೋಳು ಕೆಳಗಿಳಿಸಿ, ಒರೆಸಿ, ಅದೇ ಕಟ್ಟಿನಿಂದ ಎರಡನೆಯದನ್ನು ಹಾಕಿದೆ, ಬೀಳಬಾರದೆಂದು ಅವಳು ನನ್ನ ಹೆಗಲು ಹಿಡಿದುಕೊಂಡಿದ್ದಳು.

ಅವಳಪ್ಪ ಬಂದ, ಚೀಲದಲ್ಲಿ ಮಿಕ್ಕ ನಾಲ್ಕು ಚಡ್ಡಿ ಕಂಡ, ಚೀಲ ಹೆಗಲಿಗೇರಿಸಿ ಮಗುವನ್ನು ಎತ್ತಿಕೊಂಡ, ಹೊಸ ಚಡ್ಡಿ ಕೊಡ್ಸಿದ್ದೀಯಾ, ಒಳ್ಳೇದಾಯ್ತು ಎಂದ, ಹ್ಞೂಂ ಎಂದೆ, ನಗು ತಡೆದುಕೊಳ್ಳಬೇಕಾಯಿತು, ಕಾರು ಮೂಲೆ ತಿರುಗಿತು. ನೆಲ ಒರೆಸುತ್ತಿದ್ದೇನೆ, ಕಾಲುಚೀಲದ ಪುಟ್ಟ ಗುರುತುಗಳು ಪಾಟಿಯಿಂದ ನಾನು ಕೂತಿದ್ದಲ್ಲಿಯವರೆಗೆ, ನಾಳೆ ಅಲ್ಲಿ ಚಿಕ್ಕಮ್ಮ ಒರೆಸುತ್ತಾಳೆ, ಹೀಗೇ ಮೊಣಕಾಲೂರಿ, ಸೋಫಾ ಹಾಳು, ಬಟಾಣಿ ಎದುರಿಗೆ ನಿಂತಿರುತ್ತಾಳೆ, ಅಲ್ಲಿ ಇದುವರೆಗೆ ಒಂದು ಸಲವೂ ಒದ್ದೆ ಮಾಡಿದವಳಲ್ಲ, ಒದ್ದೆ ಮಾಡಿದರೆ ಆಮೇಲೆ ಏನು ಮಾಡಬೇಕೆಂದು ಅವಳಿಗೆ ಗೊತ್ತಿರುವುದು ಒಂದೇ, ಚಿಕ್ಕಮ್ಮನ ಹತ್ತಿರ ಹೋಗಿ — ಇಲ್ಲ, ಮಗು, ಮರೆತುಬಿಡುತ್ತಾಳೆ, ಮರೆಯುವುದಿಲ್ಲ, ಫೋನ್ ಮಾಡಲೇ, ಏನೆಂದು ಹೇಳಲಿ, ಆ ಚಡ್ಡಿ ಬಿಚ್ಚಿ ಬೇರೆ ಹಾಕಿ, ಯಾಕೆ ಎಂದರೆ, ಕೈಯಲ್ಲಿ ಒರೆಸುವ ಬಟ್ಟೆ ಹಾಗೇ ಇದೆ, ಅಪ್ಪನೂ ಅಲ್ಲೇ ಇರುತ್ತಾನೆ, ಯಾಕೆ ಬಟಾಣಿ, ತೋಳು ಯಾಕೆ ತೋರಿಸ್ತಿದ್ದೀಯಾ, ಅವಳು ತೋಳು ಮೇಲಕ್ಕೆ ಸರಿಸುತ್ತಾಳೆ, ಚಾಚುತ್ತಾಳೆ, ಕಣ್ಣು ಮುಚ್ಚಿಕೊಂಡು ಕಾಯುತ್ತಾಳೆ, ತೋಳು ಮೇಲಕ್ಕೆ ಸರಿಸುತ್ತಾಳೆ, ಚಾಚುತ್ತಾಳೆ, ತೋಳು