ಕಾಮೆಂಟು ಓದಿದ ಅತ್ತೆ

ಸೊಸೆ ಬೆಳಿಗ್ಗೆ ತುಂಬಿಸಿಕೊಂಡು ಹೋದ ನೀರಿನ ಬಾಟಲಿ ಸಂಜೆ ತುಂಬಿದ ಹಾಗೆಯೇ ವಾಪಸ್ ಬರುತ್ತಿತ್ತು. ಅವಳು ಸಿಟಿ ಬಸ್ಸಿನ ಡ್ರೈವರು. ಅತ್ತೆ ಮನೆಯ ಮುಂದಿನ ಕೋಣೆಯಲ್ಲಿ ಮೆಷಿನ್ ಹಾಕಿಕೊಂಡು ಶಾಲೆ ಮಕ್ಕಳ ಯೂನಿಫಾರಂ ಹೊಲಿಯುವವರು. ಬಾಗಿಲು ದಾಟಿ ಒಳಗೆ ಬರುವುದೇನೂ ಅವರ ಕಣ್ಣು ತಪ್ಪುತ್ತಿರಲಿಲ್ಲ.

“ಅಲ್ಲ ಕಣೇ, ಈ ಬಾಟಲಿಗೆ ದಿನಾ ಊರು ತೋರಿಸಿಕೊಂಡು ಬರ್ತೀಯಲ್ಲ, ಒಂದು ಗುಟುಕು ಕುಡಿದರೆ ಅದೇನು ಬೇಜಾರು ಮಾಡ್ಕೊಳ್ಳುತ್ತಾ?”

“ಕುಡಿದರೆ ಎಲ್ಲಿಗೆ ಹೋಗಲಿ ಅತ್ತೆ? ಡಿಪೋದಲ್ಲಿ ಹೆಂಗಸರ ಶೌಚಾಲಯಕ್ಕೆ ಬೀಗ. ಒಳಗೆ ಹಳೇ ಟೈರು ತುಂಬಿಟ್ಟಿದ್ದಾರೆ.”

ಮೇಲಿನವರಿಗೆ ಹೇಳಿ ಹೇಳಿ ಅವಳ ಬಾಯಿ ಬತ್ತಿತ್ತು. ನೀರು ಕುಡಿಯದೆ ಮೂತ್ರದ ಸೋಂಕಾಗಿ, ಜ್ವರ ಬಂದು ಮಲಗಿದಳು. ಮತ್ತೆ ಕೆಲಸಕ್ಕೆ ಹೋದ ದಿನ ಯೂನಿಫಾರಂನಲ್ಲೇ ಆ ಬಾಗಿಲ ಮುಂದೆ ನಿಂತು ಒಂದು ವಿಡಿಯೋ ಮಾಡಿ ಹಾಕಿದಳು. “ನಿಮ್ಮನ್ನು ಕೆಲಸಕ್ಕೆ, ಶಾಲೆಗೆ, ಆಸ್ಪತ್ರೆಗೆ ತಲುಪಿಸೋಳು ನಾನು. ನಾನು ಹೋಗಬೇಕಾದ ಜಾಗ ಇದು. ಬೀಗ ನೋಡಿ.” ಅಷ್ಟೇ ಮಾತು.

ಮೊದಲು ಶಭಾಷ್ ಅಂದವರೇ ಹೆಚ್ಚು. ಆಮೇಲೆ ಬೇರೆಯವರು ಬಂದರು. ಸ್ಟೀರಿಂಗ್ ಬಿಟ್ಟು ಸೌಟು ಹಿಡಿ ಅಂದ ಒಬ್ಬ. ಗಂಡ ಸತ್ತಿದ್ದಾನಾ ಎಂದು ಕೇಳಿದ ಇನ್ನೊಬ್ಬ. ಅವಳ ಮೈಕಟ್ಟಿನ ಬಗ್ಗೆ ಬಾಯಿಗೆ ಬಂದದ್ದು ಬರೆದವರು ಬೇಕಾದಷ್ಟು. ಅವಳ ಮುಖವನ್ನು ಬೇರೆ ಯಾರದೋ ಬೆತ್ತಲೆ ಮೈಗೆ ಅಂಟಿಸಿದ ಫೋಟೋ ಹರಿದಾಡಿತು. ಅವುಗಳ ನಡುವೆ ಒಂದು ಹೀಗಿತ್ತು: “ನಿನ್ನ ಕೊನೇ ಟ್ರಿಪ್ಪು ಎಲ್ಲಿ ನಿಲ್ಲುತ್ತೆ ಗೊತ್ತು. ಅಲ್ಲೇ ಕಾಯ್ತಿರ್ತೀನಿ.”

ಬೀಗದ ಬಗ್ಗೆ ಇವರ್‍ಯಾರೂ ಸೊಲ್ಲೆತ್ತಿರಲಿಲ್ಲ.

“ನಿನಗೆ ಬೇಕಿತ್ತಾ ಇದು?” ಅತ್ತೆ ಸಿಡುಕಿದರು. “ಡಿಪೋದಲ್ಲಿ ಇಷ್ಟೊಂದು ಜನ ಹೆಂಗಸರಿದ್ದಾರೆ. ಊರಿಗೆಲ್ಲ ಮುಖ ತೋರಿಸೋಕೆ ನೀನೇ ಆಗಬೇಕಿತ್ತಾ? ಅಳಿಸಿ ಹಾಕಿ ತೆಪ್ಪಗಿರು.”

ಲಿಫ್ಟ್ ರಿಪೇರಿ ಮಾಡುವ ಮಗನೂ ಅಮ್ಮನ ಕಡೆಗೇ ವಾಲಿದ. ಅವನು ರೊಚ್ಚಿಗೆದ್ದು ಒಬ್ಬನಿಗೆ ಬೈದು ಬರೆದಿದ್ದ. ಆ ಒಬ್ಬನ ಹಿಂದೆ ಒಂದು ದಂಡೇ ಬಂದು ಅಮ್ಮ, ಅಕ್ಕ ಎಲ್ಲರನ್ನೂ ಸೇರಿಸಿ ಬೈದಿತ್ತು. “ಸಾಕು ಮಾರಾಯ್ತಿ, ತೆಗೆದುಬಿಡು” ಎಂದ.

ಸೊಸೆ ಊಟ ಬಿಟ್ಟಳು. ಬಸ್ಸು ಹತ್ತಿದವರೆಲ್ಲ ಆ ಫೋಟೋ ನೋಡಿದ್ದಾರೇನೋ ಅನ್ನಿಸಿ, ಕನ್ನಡಿಯಲ್ಲಿ ಅವರ ಮುಖವನ್ನೇ ನೋಡುತ್ತಾ, ನಿಂತಿದ್ದ ಲಾರಿಗೆ ಬಸ್ಸು ತಾಗಿಸಿದಳು. ಯಾರಿಗೂ ಪೆಟ್ಟಾಗಲಿಲ್ಲ. ಆದರೂ ಮನೆಗೆ ಬಂದವಳು ಕೋಟು ಬಿಚ್ಚದೆ ಗೋಡೆಗೆ ಒರಗಿ ಕೂತುಬಿಟ್ಟಳು. “ನೀವು ಹೇಳಿದ ಹಾಗೇ ಆಗಲಿ ಅತ್ತೆ. ಅಳಿಸ್ತೀನಿ” ಎಂದು ಫೋನು ತೆಗೆದಳು.

ಮಹಡಿ ಮನೆಯ ವಕೀಲಮ್ಮ ಆ ಹೊತ್ತಿಗೆ ಗುಂಡಿ ಹಾಕಿಸಲು ಬಂದು ಅಲ್ಲೇ ಕೂತಿದ್ದರು. ಇಂಥ ಪ್ರಕರಣಗಳನ್ನು ಕೋರ್ಟಿನಲ್ಲಿ ನಡೆಸಿದವರು.

“ಅಳಿಸಬೇಡಮ್ಮ, ನಿಲ್ಲು. ಅಳಿಸಿದರೆ ಪುರಾವೆ ಹೋಗುತ್ತೆ, ಅವರು ಉಳೀತಾರೆ.”

“ಹಾಗಂತ ಇದನ್ನೆಲ್ಲ ಓದುತ್ತಾ ಕೂರೋಕಾಗುತ್ತಾ?” ಅತ್ತೆ ಕೇಳಿದರು.

“ಅವಳು ಓದಲೇಬಾರದು. ಬೇರೆ ಯಾರಾದರೂ ಓದಬೇಕು. ಒಂದೊಂದಕ್ಕೂ ಸ್ಕ್ರೀನ್‌ಶಾಟ್ ತೆಗೀಬೇಕು. ಬರೆದವನ ಹೆಸರು, ತಾರೀಖು ಕಾಣಬೇಕು, ಲಿಂಕೂ ತೆಗೆದಿಡಬೇಕು. ಆಮೇಲೆ ವಿಡಿಯೋ ಹಾಕಿದ ಆ್ಯಪ್‌ನ ಕಂಪನಿಗೆ ರಿಪೋರ್ಟ್ ಮಾಡಿ. ಅದಾದ ಮೇಲೆ ಬ್ಲಾಕ್. ಮೊದಲೇ ಬ್ಲಾಕ್ ಮಾಡಿಬಿಟ್ಟರೆ ಆಮೇಲೆ ಹುಡುಕೋದು ಕಷ್ಟ. ಜಗಳಕ್ಕೆ ಮಾತ್ರ ಇಳೀಬೇಡಿ, ಅವರಿಗೆ ಬೇಕಾಗಿರೋದೇ ಅದು. ಹೆದರಿಸಿದ್ದು, ಆ ಫೋಟೋ, ಇವೆರಡನ್ನೂ ಪೊಲೀಸರಿಗೆ ಕೊಡಲೇಬೇಕು. ಹಾಂ, ನಿನ್ನ ಫೋನ್ ನಂಬರು, ಮನೆ ವಿಳಾಸ ಎಲ್ಲಾದರೂ ಕಾಣ್ತಿದೆಯಾ ನೋಡ್ಕೋ. ಪಾಸ್‌ವರ್ಡು ಇವತ್ತೇ ಬದಲಾಯಿಸು.”

“ಇಷ್ಟೆಲ್ಲ ಯಾಕೆ? ಸುಮ್ಮನಿದ್ದರೆ ತಾವೇ ತಣ್ಣಗಾಗಲ್ವಾ?”

“ಇವಳು ಸುಮ್ಮನಾದರೆ ಅವರು ಇನ್ನೊಬ್ಬಳ ಹತ್ತಿರ ಹೋಗ್ತಾರೆ ಅಮ್ಮಾ. ಅವಳೂ ಸುಮ್ಮನಾಗ್ತಾಳೆ. ಆಮೇಲೆ ಬೀಗದ ಬಗ್ಗೆ ಕೇಳೋರು ಯಾರು?”

ಅತ್ತೆ ಗುಂಡಿಯ ದಾರ ಕತ್ತರಿಸಿದರು. ಗೋಡೆಗೆ ಒರಗಿ ಕೂತವಳನ್ನೊಮ್ಮೆ ನೋಡಿದರು. ಕತ್ತರಿ ಕೆಳಗಿಟ್ಟು ಕೈ ಚಾಚಿದರು. “ಕೊಡು ಇಲ್ಲಿ, ನಾನು ಓದ್ತೀನಿ. ಈ ವಯಸ್ಸಲ್ಲಿ ನನಗೆ ಯಾವನೇನು ಅಂದರೂ ನಾಟಲ್ಲ.”

ನಾಟಿತು. ಮೆಷಿನ್ ಪಕ್ಕದಲ್ಲೇ ಫೋನು ಇಟ್ಟುಕೊಂಡು, ವಕೀಲಮ್ಮ ಕಲಿಸಿದ ಹಾಗೆ ಸ್ಕ್ರೀನ್‌ಶಾಟ್ ತೆಗೆಯುತ್ತಾ ಹೋದರು. ಮಧ್ಯೆ ಹೊಲಿದ ಕಾಲರು ಸೊಟ್ಟಗಾಯಿತು. ಬಿಚ್ಚಿ ಹೊಲಿದರು, ಮತ್ತೂ ಸೊಟ್ಟಗಾಯಿತು. ಇಷ್ಟನ್ನು ಎದೆಯಲ್ಲಿಟ್ಟುಕೊಂಡು ಈ ಹುಡುಗಿ ಬಸ್ಸು ತುಂಬ ಜನರನ್ನು ಕೂರಿಸಿಕೊಂಡು ಓಡಿಸಿದಳಲ್ಲ, ನಾನು ಮೇಲಿಂದ ‘ನಿನಗೆ ಬೇಕಿತ್ತಾ’ ಅಂದೆನಲ್ಲ ಎಂದು ತಮ್ಮನ್ನೇ ಬೈದುಕೊಂಡರು.

ಹಾಗೆ ಓದುವಾಗಲೇ ಒಂದು ಪರಿಚಿತ ಮುಖ ಕಂಡಿತು. ಬೀದಿ ಕೊನೆಯ ದಾರದಂಗಡಿಯವನು. ಹೋದಾಗಲೆಲ್ಲ ಅವರಿಗೆ ಸ್ಟೂಲು ಹಾಕಿ ಕೂರಿಸುವವನು. ಡ್ರೈವರ್ ಸೀಟಿನಲ್ಲಿ ಕೂತ ಹೆಂಗಸಿನ ಬಗ್ಗೆ ಅವನು ಬರೆದಿದ್ದ ಸಾಲನ್ನು ಇಲ್ಲಿ ಹೇಳುವಂತಿಲ್ಲ.

ಅತ್ತೆ ಅದರದ್ದೂ ಸ್ಕ್ರೀನ್‌ಶಾಟ್ ತೆಗೆದು, ಫೋನು ಹಿಡಿದುಕೊಂಡು ನೇರ ಅಂಗಡಿಗೆ ನಡೆದರು. ಒಳಗೆ ಗಿರಾಕಿಗಳಿದ್ದರು.

“ಬನ್ನಿ ಅಮ್ಮಾ, ಕೂತ್ಕೊಳ್ಳಿ. ಬಿಳಿ ದಾರನಾ, ನೀಲಿನಾ?”

“ದಾರ ಆಮೇಲೆ. ಇಲ್ಲೇನೋ ಬರೆದಿದ್ದಾರೆ, ಸ್ವಲ್ಪ ಜೋರಾಗಿ ಓದಿ ಹೇಳಪ್ಪ.”

ಅವನು ಫೋನು ಇಸಿದುಕೊಂಡ. ನೋಡಿದ. ಕಿವಿ ಕೆಂಪಾದವು.

“ಅಮ್ಮಾ... ತಮಾಷೆಗೆ... ಎಲ್ಲರೂ ಬರೀತಿದ್ರು ಅಂತ ನಾನೂ... ನಿಮ್ಮ ಸೊಸೆ ಅಂತ ಗೊತ್ತಿರಲಿಲ್ಲ.”

“ಬೇರೆಯವರ ಸೊಸೆಯಾಗಿದ್ದರೆ ಪರವಾಗಿರಲಿಲ್ವಾ?”

ಗಿರಾಕಿಗಳು ಗುಂಡಿ ಆರಿಸುವುದನ್ನು ನಿಲ್ಲಿಸಿ ಅವನನ್ನೇ ನೋಡುತ್ತಿದ್ದರು. “ಈಗಲೇ ಅಳಿಸ್ತೀನಿ ಅಮ್ಮಾ” ಎಂದ, ತಲೆ ಎತ್ತದೆ.

“ಅಳಿಸು. ಅಳಿಸಿ ಅಲ್ಲೇ ಕ್ಷಮೆ ಕೇಳು. ಬರೆದದ್ದು ಎಲ್ಲರ ಕಣ್ಣೆದುರಿಗೆ ತಾನೆ?”

ಅವನು ಅಳಿಸಿ, ಅಲ್ಲೇ ಕ್ಷಮೆ ಕೇಳಿ ಬರೆದ. ಅತ್ತೆ ದಾರ ಕೊಳ್ಳದೆ ಹಿಂತಿರುಗಿದರು.

ಸುದ್ದಿ ಕೇಳಿ ವಕೀಲಮ್ಮ ನಗಲಿಲ್ಲ. “ಪರಿಚಯದವನು, ಹೇಗೋ ಸರಿಹೋಯ್ತು. ಗೊತ್ತಿಲ್ಲದವರನ್ನು ಹುಡುಕಿಕೊಂಡು ಮಾತ್ರ ಹೋಗಬೇಡಿ ಅಮ್ಮಾ, ಅಪಾಯ. ಅದಕ್ಕೆ ಪೊಲೀಸರಿದ್ದಾರೆ.”

ಮರುದಿನ ಮನೆಯವರೆಲ್ಲ ಸ್ಟೇಷನ್ನಿಗೆ ಹೋದರು. ಮೇಜಿನ ಹಿಂದಿದ್ದವನು ಕಡತದಿಂದ ಕಣ್ಣೆತ್ತದೆ, “ಇಂಥ ವಿಡಿಯೋ ಯಾಕಮ್ಮ ಹಾಕಿದ್ರಿ?” ಎಂದ. ಸೊಸೆ ಬಾಯಿ ತೆರೆಯುವ ಮೊದಲೇ ಅತ್ತೆ, “ಕಳ್ಳತನ ಆದವರನ್ನು ಮನೆಯಲ್ಲಿ ಸಾಮಾನು ಯಾಕಿಟ್ಟಿದ್ರಿ ಅಂತ ಕೇಳ್ತೀರಾ?” ಎಂದರು. ಅವನು ಕುರ್ಚಿ ತೋರಿಸಿದ. ದೂರು ಬರೆದುಕೊಂಡ, ರಸೀದಿಯನ್ನೂ ಕೊಟ್ಟ. ಕೆಲವು ವಾರಗಳ ಮೇಲೆ ಹೆದರಿಸಿದವನು ಸಿಕ್ಕಿಬಿದ್ದ. ದೂರದ ಊರಿನಲ್ಲಿ ಹೆಂಡತಿ ಮಕ್ಕಳೊಂದಿಗಿದ್ದ ಒಬ್ಬ ಗುಮಾಸ್ತ. ಇವಳ ಬಸ್ಸನ್ನು ಅವನು ಕಣ್ಣಿಂದಲೂ ಕಂಡಿರಲಿಲ್ಲ. ಅವನು ಸಿಗುವವರೆಗೆ ಕೊನೇ ಟ್ರಿಪ್ಪಿನಲ್ಲಿ ಸಹೋದ್ಯೋಗಿಗಳು ಸರದಿಯ ಮೇಲೆ ಅವಳ ಜೊತೆಗಿರುತ್ತಿದ್ದರು. ಫೋಟೋ ತೆಗೆಸಲು ಮತ್ತೆ ಮತ್ತೆ ರಿಪೋರ್ಟ್ ಮಾಡಬೇಕಾಯಿತು. ಕೆಟ್ಟದಾಗಿ ಬರೆದ ಉಳಿದವರು ಸಿಗಲಿಲ್ಲ. ಅದೂ ನಿಜ.

ಮಗನ ಕೆಲಸದ ಗ್ರೂಪಿನಲ್ಲೂ ಆ ಫೋಟೋ ಬಂದಿತ್ತು. ಅವನು ನೋಡಿಯೂ ನೋಡದಂತಿದ್ದ. ಅದನ್ನು ಹೆಂಡತಿಯ ಮುಂದೆ ಒಪ್ಪಿಕೊಂಡ. ಆಮೇಲೆ ಗ್ರೂಪಿನಲ್ಲಿ ಬರೆದ: “ಇದನ್ನು ತೆಗೀರಿ. ಯಾರ ಮನೆ ಹೆಣ್ಣುಮಗಳದ್ದೂ ಹೀಗೆ ಹಾಕಬೇಡಿ.” ಇಬ್ಬರು ಗ್ರೂಪು ಬಿಟ್ಟುಹೋದರು. ಉಳಿದವರು ಬೇರೆ ಮಾತಿಗೆ ತಿರುಗಿದರು.

ಅಷ್ಟರಲ್ಲಿ ವಿಡಿಯೋ ಕೆಳಗೆ ಬೇರೆ ಡಿಪೋಗಳ ಹೆಂಗಸರು ಬರೆಯತೊಡಗಿದ್ದರು. ನಮ್ಮಲ್ಲೂ ಬೀಗ, ನಮ್ಮಲ್ಲಿ ನೀರಿಲ್ಲ, ನಮ್ಮಲ್ಲಿ ಚಿಲಕವಿಲ್ಲ. ಮಾತು ಅದು ಹೊರಟ ಜಾಗಕ್ಕೆ ವಾಪಸ್ ಬಂತು. ಇಷ್ಟು ಜನ ಕೇಳಿದಾಗ ಡಿಪೋದವರು ಬೀಗ ತೆಗೆದು ಟೈರುಗಳನ್ನು ಹೊರಗೆ ಸಾಗಿಸಲೇಬೇಕಾಯಿತು.

ಸೊಸೆ ಈಗ ಬಸ್ ನಿಲ್ದಾಣದ ಕತ್ತಲೆಯ ಬಗ್ಗೆ ಇನ್ನೊಂದು ವಿಡಿಯೋ ಮಾಡುತ್ತಿದ್ದಾಳೆ. ಫೋನು ಹಿಡಿಯುವವರು ಅತ್ತೆ. “ಬೆನ್ನು ನೆಟ್ಟಗೆ ಮಾಡ್ಕೋ, ಜೋರಾಗಿ ಮಾತಾಡು” ಎಂದು ಗದರಿಸುತ್ತಲೂ ಇದ್ದಾರೆ.

ಇದನ್ನು ಓದುತ್ತಿರುವ ಅಮ್ಮಂದಿರೇ, ಅತ್ತೆಯರೇ, ಅಪ್ಪ, ಅಣ್ಣ, ಗಂಡಂದಿರೇ, ಹೊಲಸು ಬರೆದವರದೇ ತಪ್ಪು, ಮಾತಾಡಿದವಳದ್ದಲ್ಲ. ಹೊಲಸು ನಿಮ್ಮ ಫೋನಿಗೆ ಬಂದರೆ ಮುಂದಕ್ಕೆ ಕಳಿಸಬೇಡಿ, ಬೇಡ ಎಂದು ಅಲ್ಲೇ ಹೇಳಿ. ಮಾತಾಡಿದವಳ ಪರವಾಗಿ ಒಂದು ಒಳ್ಳೆಯ ಸಾಲು ಬರೆಯಿರಿ. ಪುರಾವೆ ಉಳಿಸಿ, ದೂರು ಕೊಡಿ. ನಿಮ್ಮ ಮನೆಯ ಹುಡುಗಿ ಮುಖ ಬಾಡಿಸಿಕೊಂಡು ಫೋನು ತಂದು ತೋರಿಸಿದ ದಿನ, ಯಾಕೆ ಹಾಕಿದೆ ಎಂದು ಕೇಳಬೇಡಿ. ಪಕ್ಕದಲ್ಲಿ ಕೂತು, “ಕೊಡು ಇಲ್ಲಿ, ನಾನು ಓದ್ತೀನಿ” ಎನ್ನಿ.