ಉಪವಾಸದ ಸೋಮವಾರ

ತಿಂಗಳ ಮೊದಲ ಸೋಮವಾರ ನಮ್ಮ ದವಾಖಾನೆಯ ಜಗಲಿಯಲ್ಲಿ ಪಾಲಿಷ್ ಮಾಡಿದ ಬೂಟುಗಳು ಸಾಲಾಗಿ ನಿಲ್ಲುತ್ತಿದ್ದವು. ನಿವೃತ್ತ ಸೈನಿಕರು ತೂಕದ ಯಂತ್ರ ಹತ್ತುವ ಮೊದಲು ಬೂಟು, ಬೆಲ್ಟು, ಕೈಗಡಿಯಾರ, ಕೊನೆಗೆ ಜೇಬಿನ ಬಾಚಣಿಗೆಯನ್ನೂ ತೆಗೆದಿಡುತ್ತಿದ್ದರು. ಎಲ್ಲರಿಗೂ ಬೊಜ್ಜು, ಸಕ್ಕರೆ ಕಾಯಿಲೆ. ಆದರೂ ರಕ್ತಪರೀಕ್ಷೆಯ ಅಂಕಿಗಳು ಚೆನ್ನಾಗಿಯೇ ಇರುತ್ತಿದ್ದವು. ಹೊಸದಾಗಿ ಡಾಕ್ಟರಾಗಿ ಸೇರಿದ್ದ ನಾನು ಎಲ್ಲರೆದುರು ಹೆಸರು ಹಿಡಿದು "ಶಾಬಾಸ್!" ಎನ್ನುತ್ತಿದ್ದೆ. ಎಂಥ ಪೆದ್ದಿ ನಾನು!

ಹೆಚ್ಚು ಶಾಬಾಸ್ ಸಿಗುತ್ತಿದ್ದದ್ದು ಸುಬೇದಾರ್ ಚನ್ನಮಲ್ಲಪ್ಪನವರಿಗೆ. ಅವರ ಅಂಕಿ ನಂಬಿ ನಾನೇ ಮಾತ್ರೆಯನ್ನು ಅರ್ಧಕ್ಕಿಳಿಸಿದ್ದೆ. ಆದರೆ ಎಡಗಾಲಿನ ಗಾಯ ಮಾಯುತ್ತಿರಲಿಲ್ಲ. ಜಗಲಿಯ ಬೂಟುಗಳ ಸಾಲಿನಲ್ಲಿ ಅವರ ಎಡ ಬೂಟಿನ ತುದಿಯನ್ನು ಬ್ಯಾಂಡೇಜಿಗಾಗಿ ಕತ್ತರಿಸಲಾಗಿತ್ತು. ದೊಡ್ಡಾಸ್ಪತ್ರೆಯ ಸರ್ಜನ್ ನೋಡಿ, ಇನ್ನೊಂದು ತಿಂಗಳಲ್ಲಿ ಮಾಯದಿದ್ದರೆ ಪಾದ ತೆಗೆಯಬೇಕಾಗುತ್ತದೆ ಎಂದು ಬರೆದು ಕಳಿಸಿದರು.

ಆ ವಾರವೇ ಒಂದು ಮಧ್ಯಾಹ್ನ ಹೇಳದೆ ಕೇಳದೆ ಅವರ ಮನೆಗೆ ಹೋದೆ. ಹೆಂಡತಿ ಗುರುಸಿದ್ದವ್ವ ನನ್ನನ್ನು ಅಡುಗೆಮನೆಗೆ ಕರೆದು ಪಿಸುಗುಟ್ಟಿದರು: "ಬೈಬ್ಯಾಡ್ರಿ ಡಾಕ್ಟರ್ ಬಾಯಿ. ಸೋಮವಾರ ನಿಮ್ಮಲ್ಲಿ ಬರೂದಿತ್ತಂದ್ರ ಶನಿವಾರದಿಂದ ಊಟ ಬಿಡ್ತಾರ್ರೀ. ಬರೇ ಮಜ್ಜಗಿ. ಪಾಸಾಗಿ ಬಂದು ಹೋಳಗಿ ಮಾಡಸ್ತಾರ."

ನನಗೆ ಸಿಟ್ಟು ನೆತ್ತಿಗೇರಿತು. ಹೊರಗೆ ಬಂದವಳೇ, "ಯಾರಿಗೆ ಮೋಸ ಮಾಡ್ತಿದ್ದೀರಿ ಸುಬೇದಾರ್ರೇ?" ಎಂದೆ.

ಅವರು ಎದ್ದು ನೆಟ್ಟಗೆ ನಿಂತರು. "ಮಿಲಿಟರಿಯೊಳಗ ಇಪ್ಪತ್ತೆಂಟ್ ವರ್ಷ ಹಿಂಗ ಪಾಸಾಗೇನ್ರಿ ಮೇಡಂ. ಮೆಡಿಕಲ್‌ನ್ಯಾಗ ಫೇಲಾದ್ರ ಬಡ್ತಿ ಇಲ್ಲ, ಮನಿಗೆ ಕಳಸ್ತಾರಂತ ಅಂಜಿಕಿ ಇರ್ತಿತ್ತು."

"ಈಗ ಮನೆಯಲ್ಲೇ ಇದ್ದೀರಲ್ರೀ! ಇನ್ನೆಲ್ಲಿಗೆ ಕಳಿಸಲಿ?"

ಅವರು ಪಾದವನ್ನೇ ನೋಡುತ್ತಾ, "ಕಾಲು ಉಳೀತದೇನ್ರಿ?" ಎಂದರು. ನನ್ನ ಸಿಟ್ಟೆಲ್ಲ ಇಳಿದುಹೋಯಿತು. ಪರೀಕ್ಷೆಯ ಕೋಣೆಯಂತೆ ದವಾಖಾನೆ ನಡೆಸಿದವಳು ನಾನೇ ತಾನೆ? "ನಿಜ ಹೇಳಿದ್ರೆ ಉಳಿಸೋಕೆ ನೋಡೋಣ" ಎಂದು ಆಗಲೇ ರಕ್ತ ತೆಗೆದೆ. ಸಕ್ಕರೆ ಸೋಮವಾರದ ಅಂಕಿಯ ಎರಡು ಪಟ್ಟಿಗಿಂತ ಹೆಚ್ಚಿತ್ತು. ಅಂದೇ ಇನ್ಸುಲಿನ್ ಶುರು ಮಾಡಿದೆ.

ಮೂರು ವಾರದ ನಂತರ ಮತ್ತೆ ಆ ಸೋಮವಾರ ಬಂತು. ಸುಬೇದಾರರು ಬೆಲ್ಟು ಬಿಚ್ಚದೆ ತೂಕದ ಯಂತ್ರ ಹತ್ತಿದರು. "ನೂರಾ ಹದಿನಾಲ್ಕು ಕಿಲೋ! ಎರಡು ರೊಟ್ಟಿ, ಪುಂಡಿಪಲ್ಲೆ ತಿಂದು ಬಂದೀನಿ. ಬರಕೋರಿ ಮೇಡಂ, ನಾ ಫೇಲು!" ಎಂದು ಇಡೀ ಜಗಲಿಗೆ ಕೇಳುವಂತೆ ಕೂಗಿದರು.

ಸಾಲಿನಲ್ಲಿ ಹಿಂದಿದ್ದ ಹವಾಲ್ದಾರ್ ಯಮನಪ್ಪ ಮೆಲ್ಲಗೆ ಕೈಯೆತ್ತಿದರು. "ಮೇಡಂ, ನಾನೂ ಶನಿವಾರದಿಂದ ಉಂಡಿಲ್ರಿ. ಮನಿಗೆ ಹೋಗಿ ಉಂಡು ಬರ್ಲೇನ್ರಿ?"

"ನಾನೂ ರೀ..." "ನಂದೂ ಹಂಗ ರೀ..."

ನಾನು ಬಾಯಿ ತೆರೆಯುವ ಮೊದಲೇ ಸುಬೇದಾರರು ಆಜ್ಞೆ ಕೊಟ್ಟರು: "ಎಲ್ಲಾರೂ ಊಟಕ್ಕ ನಡೀರಿ! ನಾಳೆ ಉಂಡ ಹೊಟ್ಟೀಲೆ ಹಾಜರ್ ಆಗ್ರಿ!"

ಹನ್ನೊಂದು ಮಂದಿ ಬೂಟು ಸಿಕ್ಕಿಸಿಕೊಂಡು ಗೇಟು ದಾಟಿದರು. ನಗು ತಡೆಯುತ್ತಲೇ ನಾನು ಕೂತು, ಸುಬೇದಾರರ ಕಾಲನ್ನು ಮಡಿಲಿಗೆಳೆದುಕೊಂಡು ಬ್ಯಾಂಡೇಜು ಬಿಚ್ಚಿದೆ. ಗಾಯದ ಅಂಚಿನಲ್ಲಿ, ಅಕ್ಕಿಕಾಳಿನಷ್ಟಗಲ, ಹೊಸ ಚರ್ಮ ಬಂದಿತ್ತು.