ಸೇತುವೆಯ ಮೇಲೆ ತಪ್ಪಿದ ತಾಳ

ಗೋಕಾಕಕ್ಕೊಂದು ಕಾಲೇಜು ಬರಬೇಕಾದರೆ ಮೊದಲು ಕಾಲೇಜಿನವರು ಗೋಕಾಕವನ್ನು ನೋಡಬೇಕು ಎಂದು ತಲೆಯಲ್ಲಿ ಹುಳ ಬಿಟ್ಟುಕೊಂಡವನು ನಾನೇ. ನಾನೆಂದರೆ ಗುರುಲಿಂಗಪ್ಪ ಮಾಸ್ತರ. 1936ರಲ್ಲಿ ಜಲಪಾತವನ್ನು ಬಾಯಿತುಂಬ ಹೊಗಳಿ ಕರಪತ್ರ ಅಚ್ಚು ಹಾಕಿಸಿ ಊರೂರಿಗೆ ಕಳಿಸಿದೆ. ಆರು ತಿಂಗಳು ಒಂದು ನರಪಿಳ್ಳೆಯೂ ಬರಲಿಲ್ಲ. ಕಡೆಗೆ ಶ್ರಾವಣದಲ್ಲಿ ಕೊಲ್ಲಾಪುರದ ಪ್ರಿನ್ಸಿಪಾಲರೊಬ್ಬರ ಪತ್ರ ಬಂತು. ನಲವತ್ತು ವಿದ್ಯಾರ್ಥಿಗಳೊಡನೆ ಬರುತ್ತಾರಂತೆ, ಮನಸ್ಸಿಗೆ ಬಂದರೆ ವರ್ಷ ವರ್ಷ ಬರುತ್ತಾರಂತೆ.

ಸ್ವಾಗತ ಸಮಿತಿಯ ಅಧ್ಯಕ್ಷರು ಅರಳೆ ವ್ಯಾಪಾರಿ ಮುರಿಗೆಪ್ಪನವರು. "ಇವರ ಮನಸ್ಸಿಗೆ ಬಂದ್ರ ಉಳದಾವ್ರೂ ಬರ್ತಾರ. ಇಲ್ಲಂದ್ರ ನಿಮ್ಮ ಕಾಗದ ಅಂಗಡ್ಯಾಗ ಪುಡಿಕಿ ಕಟ್ಟಾಕ ಅಷ್ಟ ನೋಡ್ರಿ, ಮಾಸ್ತರ್ರ" ಎಂದರು.

ನಮ್ಮ ಕಡೆ ದೊಡ್ಡವರನ್ನು ಹಲಗಿ ಬಾರಿಸುತ್ತ ಕರೆತರುವುದು ಪದ್ಧತಿ. ಅವರು ಬಂದು ಕೂಡುವ ತನಕ ವಾದ್ಯ ನಿಲ್ಲಬಾರದು, ನಡುವೆ ನಿಂತರೆ ಬಂದವರಿಗೆ ಅವಮಾನ. ನಾಗನೂರಿನ ಕರೆಪ್ಪನನ್ನು ಕರೆಸಿದೆ. ಅವನ ಹಲಗಿ ಕೇಳಿದರೆ ಮುದುಕರ ಕಾಲೂ ಸುಮ್ಮನಿರುತ್ತಿರಲಿಲ್ಲ. ಊಟದ ಚಪ್ಪರ ಹೊಳೆಯ ಆಚೆ ದಂಡೆಯಲ್ಲಿತ್ತು. ತೂಗುಸೇತುವೆಯ ಮೇಲೂ ಹಲಗಿ ಮುಂದಿರಲಿ ಎಂದವನೂ ನಾನೇ. ಶೋಕಿ, ಮತ್ತೇನು!

ಪ್ರಿನ್ಸಿಪಾಲರು ಮುರಿಗೆಪ್ಪನವರ ಜೊತೆ ಮೊದಲೇ ದಾಟಿ ಚಪ್ಪರ ಸೇರಿದ್ದರು. ಹುಡುಗರೂ ಅತಿಥಿಗಳೇ ಎಂದು, ಅವರನ್ನು ಕರೆತರಲು ಕರೆಪ್ಪ ಹಲಗಿ ಬಾರಿಸುತ್ತ ಸೇತುವೆಗೆ ಕಾಲಿಟ್ಟ. ಅವನ ಹಿಂದೆ ನಾನು, ನನ್ನ ಹಿಂದೆ ನಲವತ್ತು ಜನ. ಕೆಳಗೆ ಘಟಪ್ರಭೆ ಕೆಂಪಗೆ ಉಕ್ಕಿ ಹರಿಯುತ್ತಿದ್ದಳು. ತುಂತುರಿನಲ್ಲಿ ಆಚೆ ದಂಡೆ ಮಬ್ಬಾಗಿತ್ತು.

ನಡುವೆ ಬರುವಷ್ಟರಲ್ಲಿ ಹುಡುಗರ ಕಾಲು ಹಲಗಿಯ ಪೆಟ್ಟಿಗೆ ಹೊಂದಿಕೊಂಡಿದ್ದವು. ನಲವತ್ತು ಬಲಗಾಲು ಒಮ್ಮೆಗೇ, ನಲವತ್ತು ಎಡಗಾಲು ಒಮ್ಮೆಗೇ. ಸೇತುವೆ ಮೊದಲು ಸಣ್ಣಗೆ ಕುಣಿಯಿತು. ಬರಬರುತ್ತ ತೊಟ್ಟಿಲಿನ ಹಾಗೆ ಜೀಕತೊಡಗಿತು. ಮೇಲಿನ ಹಗ್ಗಗಳು ನರಳಿದವು. ಹುಡುಗರು ಗಾಳಿ ಎಂದುಕೊಂಡು ಹೋ ಎಂದು ನಕ್ಕರು, ಇನ್ನೂ ಜೋರಾಗಿ ಹೆಜ್ಜೆ ಹಾಕಿದರು. ಇದು ಗಾಳಿಯಲ್ಲ, ಒಂದೇ ತಾಳಕ್ಕೆ ಬೀಳುವ ಹೆಜ್ಜೆಯ ಕೆಲಸ, ಹೀಗೇ ಹೋದರೆ ಹಗ್ಗ ಹರಿದೀತು ಎಂದು ನನಗೆ ಮಾತ್ರ ಹೊಳೆಯಿತು. ಕೂಗಿದರೂ ಆ ನೀರಿನ ಸದ್ದಿನಲ್ಲಿ ಯಾರಿಗೆ ಕೇಳಬೇಕು?

ಕರೆಪ್ಪ ಹಿಂದಿರುಗಿ ಹುಡುಗರ ಕಾಲು ನೋಡಿದ, ನನ್ನ ಮುಖ ನೋಡಿದ. ನಿಲ್ಲಿಸುವಂತಿಲ್ಲ, ಮುಂದುವರಿಸುವಂತಿಲ್ಲ. ಒಮ್ಮೆಲೇ ಅವನ ಕೈ ಅಡ್ಡಾದಿಡ್ಡಿ ಬೀಳತೊಡಗಿತು. ಎರಡು ಪೆಟ್ಟು ಬೇಗ, ಒಂದು ತಡ, ಮತ್ತೆ ಮೂರು ಎತ್ತೆಂದರತ್ತ. ಹಿಂದಿನವರ ಹೆಜ್ಜೆ ಚೆಲ್ಲಾಪಿಲ್ಲಿಯಾಯಿತು. ಒಬ್ಬರ ಮೈಮೇಲೆ ಒಬ್ಬರು ಬಿದ್ದರು, ಬೈದುಕೊಂಡರು. ಸೇತುವೆ ಮೆಲ್ಲಗೆ ಸುಮ್ಮನಾಯಿತು. ಎಲ್ಲರೂ ದಾಟಿದೆವು.

ಚಪ್ಪರದಲ್ಲಿ ಮುರಿಗೆಪ್ಪನವರು ಕೆಂಡವಾಗಿದ್ದರು.

"ಏನೋ ಕರೆಪ್ಪ, ಬಂದ ಮಂದಿ ಮುಂದ ಊರಿನ ಮಾನ ಕಳದ್ಯಲ್ಲೋ! ಕುಡದು ಬಂದೀಯೇನು?"

ಕರೆಪ್ಪ ನನ್ನ ಕಡೆ ನೋಡಿದ. ಅವನು ಹನಿ ಮುಟ್ಟದವನೆಂದು ನನಗೆ ಗೊತ್ತಿತ್ತು. ಪ್ರಿನ್ಸಿಪಾಲರೂ ನನ್ನ ಕಡೆಗೇ ತಿರುಗಿದರು.

"ಏನಾತ್ರಿ ಮಾಸ್ತರ್ರ? ಚಲೋ ಬಾರಸಾಕತ್ತಿದ್ದ, ಒಮ್ಮಿಂದೊಮ್ಮೆಲೆ ಹಂಗ್ಯಾಕ ಕೆಡಿಸಿದ?"

ಖರೆ ಹೇಳಿದರೆ ಈ ಮನುಷ್ಯ ಮತ್ತೆ ಹುಡುಗರನ್ನು ಇತ್ತ ಕರೆತರುತ್ತಾರೆಯೇ? ಸೇತುವೆಯ ಮೇಲೆ ಹಲಗಿ ಬಾರಿಸಲು ಹೇಳಿದವರು ಯಾರು ಎಂದು ಕೇಳದೆ ಬಿಡುತ್ತಾರೆಯೇ?

"ಹೌದ್ರಿ, ಸಾಹೇಬ್ರ. ಸ್ವಲ್ಪ ಕುಡದಾನ" ಎಂದೆ.

ಎಲ್ಲರೂ ನಕ್ಕರು. ಮುರಿಗೆಪ್ಪನವರು, "ಇನ್ನ ಈ ಊರಾಗ ನಿನ್ನ ಹಲಗಿ ಕೇಳಬಾರದು, ನಡಿ" ಎಂದರು. ಎಲೆಗಳಿಗೆ ಹೋಳಿಗೆ ಬಂತು. ಪ್ರಿನ್ಸಿಪಾಲರು ಎರಡು ತಿಂದು, ವರ್ಷ ವರ್ಷ ಬರುವುದಾಗಿ ಎಲ್ಲರೆದುರು ಮಾತು ಕೊಟ್ಟರು. ಚಪ್ಪಾಳೆ ಬಿತ್ತು. ಅಷ್ಟು ದಿನ ಕಾದಿದ್ದ ಆ ಚಪ್ಪಾಳೆ ನನ್ನ ಮೈ ಸುಟ್ಟಿತು.

ಕೈ ತೊಳೆಯಲು ಎದ್ದಾಗ ಕರೆಪ್ಪ ಚಪ್ಪರದ ಹೊರಗೆ ಹಲಗಿಯನ್ನು ಬಟ್ಟೆಯಲ್ಲಿ ಸುತ್ತುತ್ತಿದ್ದ. ಬೈದರೆ ಬೈಸಿಕೊಳ್ಳೋಣವೆಂದು ಹತ್ತಿರ ಹೋಗಿ ನಿಂತೆ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

"ಮಾಸ್ತರ್ರ" ಎಂದ ಕರೆಪ್ಪ, ಗಂಟು ಬಿಗಿಯುತ್ತ. "ತಿರಗಿ ದಾಟೂವಾಗ ಸೇತುವಿ ಮ್ಯಾಲ ಯಾರ ಕೈಲೂ ಏನೂ ಬಾರಸಬ್ಯಾಡ್ರಿ. ಕೂಸುಗಳು ಅದಾವು. ನಾ ಇರೂದಿಲ್ಲ."